ಮತ್ತೆ ತುಂಬುವ ವಿದ್ಯುತ್ಕೋಶಗಳ ಆಯ್ಕೆ

ಕನ್ನಡ ಸಾಹಿತ್ಯವನ್ನು ಓದುವ ವಿದ್ಯಾರ್ಥಿಯೊಬ್ಬನು ವಿದ್ಯುತ್ಕೋಶಗಳನ್ನು ಕುರಿತು ಬರೆಯಹೊರಟರೆ ಭೌತಶಾಸ್ತ್ರ ಬಲ್ಲ ಮಿತ್ರರು ನಗಬಹುದು. ನಗಲಿ. ಈ ವಿಷಯವನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಅದೇ ನನ್ನನ್ನು ಹುಡುಕಿಕೊಂಡು ಬಂದಿತು.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮೂರಿನ ಬೀಸುವ ಪದಗಳನ್ನು ಸಂಗ್ರಹಿಸಬೇಕೆಂದು ಧ್ವನಿಮುದ್ರಣ ಯಂತ್ರವೊಂದನ್ನು ಎರವಲು ತೆಗೆದುಕೊಂಡು ಹೋಗಿದ್ದೆ. ಅಂಗೈಯಗಲದ ಯಂತ್ರ, ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುವಂಥದು. ಪ್ರತಿ ಸಲವೂ ಹೊಸ ಸೆಲ್ಲು ಕೊಳ್ಳುವುದು ನನ್ನಿಂದಾಗದ ಮಾತು. ಆದಕಾರಣ ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಸೆಲ್ಲುಗಳನ್ನೇ ಕೊಂಡೆ. ಅಂಗಡಿಯಲ್ಲಿದ್ದವುಗಳಲ್ಲಿ ಯಾವುದರ ಮೈಮೇಲೆ ಎಲ್ಲಕ್ಕಿಂತ ದೊಡ್ಡ ಅಂಕಿ ಅಚ್ಚಾಗಿತ್ತೋ ಅದನ್ನೇ ಆರಿಸಿದೆ. ಅಂಕಿ ದೊಡ್ಡದಾದರೆ ಬಾಳಿಕೆಯೂ ದೊಡ್ಡದು. ಇದರಲ್ಲಿ ಯೋಚಿಸುವುದೇನಿದೆ ಎಂದು ಆಗ ತೋರಿತ್ತು. ಯುಗಾದಿಗೆ ಮುಂಚೆ ಅವನ್ನು ಚಾರ್ಜು ಮಾಡಿ, ಸಿಮೆಂಟ್ ಶೀಟಿನ ಮಾಡಿನ ಕೋಣೆಯಲ್ಲಿ ಚೀಲದಲ್ಲಿಟ್ಟೆ. ಆರೇಳು ವಾರಗಳ ಮೇಲೆ ಯಂತ್ರಕ್ಕೆ ಹಾಕಿ, ನೆರೆಯೂರಿನಲ್ಲಿ ಒಂದು ದಿನ ಎರಡು ಮೂರು ಗಂಟೆ ನಡೆಸಿದೆ. ಮರುದಿನ ರಾತ್ರಿ ನಮ್ಮಜ್ಜಿ ಒಲೆಯ ಮುಂದೆ ಕುಳಿತು ಹನ್ನೆರಡು ಪದ ಹೇಳಿದಳು. ಯಂತ್ರದಲ್ಲಿ ಉಳಿದದ್ದು ಎರಡೂವರೆ ಪದ. ಮುಂದಿನ ವಾರ ಮತ್ತೆ ಹೇಳಿಸಿದಾಗ ಒಟ್ಟಿಗೆ ಒಂಬತ್ತು ದೊರೆತವು. ಉಳಿದ ಮೂರರ ಮೊದಲ ಸೊಲ್ಲೇ ಆಕೆಗೆ ನೆನಪಾಗಲಿಲ್ಲ. “ಅವತ್ತು ಬಂತು, ಇವತ್ತು ಬರವಲ್ದು, ಏನ್ ಮಾಡ್ಲಪ್ಪ” ಎಂದಳು. ಆ ಮೂರನ್ನು ಬಲ್ಲವರು ಊರಿನಲ್ಲಿ ಬೇರೆ ಯಾರೂ ಇಲ್ಲ.

ತಪ್ಪು ಎಲ್ಲಿ ನಡೆಯಿತೆಂದು ತಿಳಿಯಲು ಅಂದಿನಿಂದ ಓದತೊಡಗಿದೆ. ಓದಿ ತಿಳಿದುದನ್ನು ಇಲ್ಲಿ ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ಮಾತಿನ ಗೊಂದಲವೊಂದನ್ನು ಬಿಡಿಸಿಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ಬ್ಯಾಟರಿ ಎಂದರೆ ಕೈದೀಪ. ಅದರೊಳಗೆ ಹಾಕುವುದು ಸೆಲ್ಲು. ಪಟ್ಟಣದವರು ಇದನ್ನು ಕೇಳಿ ನಗುವುದುಂಟು. ಆದರೆ ಶಾಸ್ತ್ರವೂ ಹೆಚ್ಚು ಕಡಿಮೆ ಹಳ್ಳಿಯವರ ಪಕ್ಷವನ್ನೇ ವಹಿಸುತ್ತದೆ. ಒಂಟಿಯಾಗಿದ್ದರೆ ಅದು ಸೆಲ್ಲು, ಎಂದರೆ ಕೋಶ. ಹಲವು ಕೋಶಗಳು ಒಟ್ಟುಗೂಡಿದಾಗಲೇ ಬ್ಯಾಟರಿ. ಒಮ್ಮೆ ಬರಿದಾದ ಕೋಶಕ್ಕೆ ಹೊರಗಿನಿಂದ ವಿದ್ಯುತ್ತನ್ನು ಹರಿಸಿ ಮತ್ತೆ ಜೀವ ತುಂಬಬಹುದೆಂಬುದನ್ನು ೧೮೫೯ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ ಮತ್ತು ಗಂಧಕಾಮ್ಲಗಳಿಂದ ತೋರಿಸಿಕೊಟ್ಟನು. ೧೮೯೯ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯೂಂಗ್ನರ್ ನಿಕ್ಕಲ್-ಕ್ಯಾಡ್ಮಿಯಂ ಕೋಶವನ್ನು ರಚಿಸಿದನು. ಕ್ಯಾಡ್ಮಿಯಂ ವಿಷವಸ್ತು. ಅದರ ಸ್ಥಾನಕ್ಕೆ ಮುಂದೆ ನಿಕ್ಕಲ್-ಮೆಟಲ್ ಹೈಡ್ರೈಡ್ ಬಂದಿತು. ಇಂದು ಅಂಗಡಿಯಲ್ಲಿ ಸಿಗುವ ಮತ್ತೆ ತುಂಬುವ ಪೆನ್ಸಿಲ್ ಸೆಲ್ಲುಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಮೊಬೈಲು, ಲ್ಯಾಪ್‌ಟಾಪುಗಳಲ್ಲಿರುವ ಲಿಥಿಯಂ-ಅಯಾನ್ ಕೋಶವನ್ನು ೧೯೯೧ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದಿತು. ಇದಕ್ಕೆ ಬುನಾದಿ ಹಾಕಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಇನ್ನು ನನ್ನನ್ನು ಮೋಸಗೊಳಿಸಿದ ಸಂಗತಿಗೆ ಬರುತ್ತೇನೆ. ಸಾಮಾನ್ಯವಾದ ಆಲ್ಕಲೈನ್ ಸೆಲ್ಲಿನ ವೋಲ್ಟೇಜು ೧.೫, ನಿಕ್ಕಲ್ ಸೆಲ್ಲಿನದು ೧.೨. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಎರಡೂ ಇಳಿಯುವ ರೀತಿ ಬೇರೆ ಬೇರೆ. ಆಲ್ಕಲೈನ್ ಸೆಲ್ಲು ಗುಡ್ಡದ ಇಳಿಜಾರಿನಂತೆ. ಬಳಸಿದಷ್ಟೂ ವೋಲ್ಟೇಜು ಕ್ರಮವಾಗಿ ತಗ್ಗುತ್ತ ಹೋಗುತ್ತದೆ. ನಿಕ್ಕಲ್ ಸೆಲ್ಲು ಮಾಳಿಗೆಯಂತೆ. ಬಹುದೂರದವರೆಗೆ ಸಮತಟ್ಟಾಗಿದ್ದು, ಅಂಚು ಬಂದೊಡನೆ ಕೆಳಕ್ಕೆ ಬೀಳುತ್ತದೆ. ಯಂತ್ರದ ಮುಖದ ಮೇಲಿರುವ ಅಳತೆಯ ಚಿಹ್ನೆ ಸಾಧಾರಣವಾಗಿ ವೋಲ್ಟೇಜನ್ನು ನೋಡಿಯೇ ಸೆಲ್ಲಿನಲ್ಲಿ ಎಷ್ಟು ಉಳಿದಿದೆಯೆಂದು ಹೇಳುವುದು. ನನ್ನ ಯಂತ್ರದ ಪಟ್ಟಿಯಲ್ಲಿ ‘ಆಲ್ಕಲೈನ್’, ‘ನಿಕ್ಕಲ್’ ಎಂಬ ಎರಡು ಆಯ್ಕೆಗಳಿದ್ದವು; ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಆಲ್ಕಲೈನ್ ಎಂದೇ ನಂಬಿದ ಯಂತ್ರ, ಈಗತಾನೆ ಪೂರ್ತಿ ತುಂಬಿದ ನಿಕ್ಕಲ್ ಸೆಲ್ಲನ್ನು ಕಂಡರೂ ‘ಅರ್ಧ ಇದೆ’ ಎನ್ನುತ್ತಿತ್ತು. ಯಾವಾಗಲೂ ಅರ್ಧವನ್ನೇ ತೋರಿಸುವ ಯಂತ್ರವನ್ನು ಯಾರು ನಂಬುತ್ತಾರೆ? ನಾನು ಅತ್ತ ನೋಡುವುದನ್ನೇ ಬಿಟ್ಟೆ. ಅಜ್ಜಿಯ ಎದುರು ಕುಳಿತ ರಾತ್ರಿಯೂ ಅದು ಅರ್ಧವನ್ನೇ ತೋರಿಸುತ್ತಿತ್ತು. ಮಾಳಿಗೆಯ ಅಂಚು ಒಂದು ಮಾರು ದೂರದಲ್ಲಿದ್ದುದು ನನಗೆ ಗೊತ್ತಾಗಲಿಲ್ಲ.

ಎರಡನೆಯ ಸಂಗತಿ, ಆ ದೊಡ್ಡ ಅಂಕಿ. ಸೆಲ್ಲಿನ ಮೇಲೆ ಬರೆದಿರುವ ಮಿಲಿಆಂಪಿಯರ್-ಗಂಟೆಯೆಂಬುದು ಅದರ ಹೊಟ್ಟೆಯ ಅಳತೆ. ಎಷ್ಟು ದಿನ ಹಿಡಿದಿಟ್ಟುಕೊಳ್ಳುತ್ತದೆಂಬುದರ ಅಳತೆಯಲ್ಲ. ಹಳೆಯ ಬಗೆಯ ನಿಕ್ಕಲ್ ಸೆಲ್ಲು ಸುಮ್ಮನೆ ಕುಳಿತಿದ್ದರೂ ಸೋರುವ ಹಂಡೆಯಂತೆ ತಾನಾಗಿ ಬರಿದಾಗುತ್ತದೆ. ತಿಂಗಳೊಂದರಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಹೋಗುವುದು ಸಾಮಾನ್ಯ. ಬಿಸಿಲಿನ ಮಾಡಿನ ಕೆಳಗೆ ಇನ್ನೂ ಬೇಗ. ಈ ದೋಷವನ್ನು ಬಹುಮಟ್ಟಿಗೆ ನೀಗಿಸಿದ ಸೆಲ್ಲನ್ನು ೨೦೦೫ರಲ್ಲಿ ಜಪಾನಿನ ಸ್ಯಾನ್ಯೋ ಸಂಸ್ಥೆ ‘ಎನೆಲೂಪ್’ ಎಂಬ ಹೆಸರಿನಿಂದ ಹೊರತಂದಿತು. ವರ್ಷ ಕಳೆದ ಮೇಲೂ ನೂರಕ್ಕೆ ೮೫ರಷ್ಟು ಉಳಿಯುವುದೆಂದು ತಯಾರಕರು ಹೇಳಿದ್ದರು. ಆ ಹೆಸರು ಈಗ ಪ್ಯಾನಸಾನಿಕ್‌ನವರದು. ಇದೇ ಗುಣದ ಸೆಲ್ಲುಗಳನ್ನು ಬೇರೆಯವರೂ ಮಾಡುತ್ತಾರೆ. ಇವುಗಳ ಮೇಲಿನ ಅಂಕಿ ಸುಮಾರು ೨೦೦೦. ನಾನು ಕೊಂಡವುಗಳ ಮೇಲಿದ್ದುದು ೨೭೦೦. ಚೀಲದಲ್ಲಿಟ್ಟು ಆರು ವಾರ ಮರೆತವನಿಗೆ ೨೦೦೦ವೇ ದೊಡ್ಡದಾಗುತ್ತಿತ್ತು! ಇನ್ನೊಂದು ಮಾತು. ಹೊಟ್ಟೆ ದೊಡ್ಡದಾದಷ್ಟೂ ಆಯುಸ್ಸು ಕಡಿಮೆ. ಅದೇ ಎನೆಲೂಪಿನ ೨೦೦೦ದ ಸೆಲ್ಲನ್ನು ೨೧೦೦ ಸಲ ಚಾರ್ಜು ಮಾಡಬಹುದೆಂದೂ, ೨೫೦೦ರ ಸೆಲ್ಲನ್ನು ೫೦೦ ಸಲ ಮಾಡಬಹುದೆಂದೂ ತಯಾರಕರೇ ಹೇಳುತ್ತಾರೆ.

ಇದರಿಂದ ತಿಳಿದುಬರುವುದೇನೆಂದರೆ, ಸೆಲ್ಲನ್ನು ನೋಡಿ ಸೆಲ್ಲು ಕೊಳ್ಳುವುದಲ್ಲ, ಉಪಕರಣವನ್ನು ನೋಡಿ ಕೊಳ್ಳಬೇಕು. ಗೋಡೆಯ ಗಡಿಯಾರ, ಟೆಲಿವಿಷನ್ನಿನ ರಿಮೋಟು ಮೊದಲಾದವು ಇರುವೆಯ ಊಟದವು. ಒಂದು ಸಾಮಾನ್ಯ ಸೆಲ್ಲು ವರ್ಷವಿಡೀ ನಡೆಯುತ್ತದೆ. ಅಲ್ಲಿಗೆ ಬೆಲೆಬಾಳುವ ಮತ್ತೆ ತುಂಬುವ ಸೆಲ್ಲನ್ನು ಹಾಕುವುದು ದಂಡ. ಮಕ್ಕಳ ಓಡುವ ಆಟಿಕೆ, ದಿನವೂ ಉರಿಯುವ ಕೈದೀಪ, ಕಂಪ್ಯೂಟರಿನ ಇಲಿ ಇವುಗಳಿಗೆ ಮತ್ತೆ ತುಂಬುವುದೇ ಲೇಸು. ಅಟ್ಟದ ಮೇಲಿಟ್ಟು ಕರೆಂಟು ಹೋದಾಗ ಮಾತ್ರ ಹುಡುಕುವ ದೀಪಕ್ಕೆ ಸೋರದ ಜಾತಿಯದೇ ಬೇಕು.

ವೃತ್ತಿಯವರ ಲೆಕ್ಕ ಬೇರೆ. ಮದುವೆಮನೆಯ ಛಾಯಾಗ್ರಾಹಕನ ಮಿಂಚುದೀಪ ಒಂದೊಂದು ಸಲ ಬೆಳಗಿದ ಮೇಲೂ ಒಳಗಿನ ವಿದ್ಯುತ್ ಸಂಗ್ರಾಹಕವನ್ನು ಗಬಗಬನೆ ತುಂಬಿಕೊಳ್ಳಬೇಕು. ಅಷ್ಟು ರಭಸದಿಂದ ಕೇಳಿದರೆ ಆಲ್ಕಲೈನ್ ಸೆಲ್ಲು ಏದುಸಿರು ಬಿಡುತ್ತದೆ. ಒಳತಡೆ ಕಡಿಮೆಯಿರುವ ನಿಕ್ಕಲ್ ಸೆಲ್ಲು ತಟ್ಟನೆ ಕೊಡುತ್ತದೆ. ತಾಳಿ ಕಟ್ಟುವ ಗಳಿಗೆ ದೀಪ ಸಿದ್ಧವಾಗುವವರೆಗೆ ಕಾಯುವುದಿಲ್ಲವಷ್ಟೆ. ಜಾತ್ರೆಯ ನಾಟಕಕ್ಕೆ ತಂತಿಯಿಲ್ಲದ ಮೈಕು ಕಟ್ಟುವವನು ರಾತ್ರಿ ಚಾರ್ಜು ಮಾಡಿ ಬೆಳಗ್ಗೆ ಬಳಸುವವನಾದ್ದರಿಂದ ದೊಡ್ಡ ಅಂಕಿಯ ಸೆಲ್ಲು ಅವನಿಗೆ ಒಪ್ಪುತ್ತದೆ. ನಾನು ಕೊಂಡದ್ದು ಅವನ ಸೆಲ್ಲು, ನನ್ನದಲ್ಲ.

ಈಚೆಗೆ ಪೆನ್ಸಿಲ್ ಸೆಲ್ಲಿನ ಆಕಾರದಲ್ಲಿಯೇ ೧.೫ ವೋಲ್ಟಿನ ಲಿಥಿಯಂ ಸೆಲ್ಲುಗಳು ಬಂದಿವೆ. ಇವುಗಳ ಮೇಲೆ ೩೦೦೦ ಎಂದು ಬರೆದಿದ್ದರೆ ಮುಂದಿನ ಅಕ್ಷರಗಳನ್ನು ಕಣ್ಣಿಟ್ಟು ನೋಡಬೇಕು. ಅದು ಬಹುಶಃ ಮಿಲಿವಾಟ್-ಗಂಟೆ. ೨೦೦೦ದ ನಿಕ್ಕಲ್ ಸೆಲ್ಲನ್ನೂ ಅದೇ ಮಾನದಲ್ಲಿ ಅಳೆದರೆ, ೧.೨ರಿಂದ ಗುಣಿಸಿ, ೨೪೦೦ ಆಗುತ್ತದೆ. ಮೂರಕ್ಕೆ ಎರಡೆಂದು ಕಂಡದ್ದು ನಿಜವಾಗಿ ಐದಕ್ಕೆ ನಾಲ್ಕು. ಇವುಗಳೊಳಗಿನ ಪುಟ್ಟ ಮಂಡಲವು ಕೊನೆಯವರೆಗೂ ೧.೫ನ್ನೇ ಕೊಟ್ಟು ಥಟ್ಟನೆ ನಿಲ್ಲುವುದರಿಂದ, ಅಳತೆಯ ಚಿಹ್ನೆ ಇನ್ನೂ ದೊಡ್ಡ ಸುಳ್ಳನ್ನು ಹೇಳುತ್ತದೆ. ಆ ಮಂಡಲದ ಗುಂಯ್‌ಗುಟ್ಟುವಿಕೆ ಮಧ್ಯಮ ತರಂಗದ ರೇಡಿಯೋಗೆ ಬಾಧಕವಾಗುವುದೂ ಉಂಟು. ಇವಕ್ಕಿಂತ ಅಪಾಯವಾದದ್ದು ಅದೇ ಗಾತ್ರದ, ೧೪೫೦೦ ಎಂಬ ಹೆಸರಿನ, ೩.೭ ವೋಲ್ಟಿನ ಸೆಲ್ಲು. ಎರಡನ್ನು ಹಾಕಿದರೆ ಮೂರು ವೋಲ್ಟಿನ ಯಂತ್ರಕ್ಕೆ ಏಳಕ್ಕೂ ಮಿಕ್ಕಿ ಹರಿದು ಅದು ಸುಟ್ಟುಹೋಗಬಹುದು. ಕೈದೀಪಗಳಲ್ಲಿ ಬರುವ ೧೮೬೫೦ ಎಂಬ ದಪ್ಪ ಸೆಲ್ಲಿನ ಮೇಲೆ ೯೯೦೦ ಎಂದು ಬರೆದಿದ್ದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಡುವುದೇ ಸರಿ. ಆ ಗಾತ್ರದಲ್ಲಿ ಒಳ್ಳೆಯ ತಯಾರಕರಿಗೂ ಸಾಧ್ಯವಾಗಿರುವುದು ೩೫೦೦ರ ಆಸುಪಾಸು.

ಚಾರ್ಜರಿನ ವಿಷಯದಲ್ಲಿ ಜಿಪುಣತನ ಸಲ್ಲದು. ಅಗ್ಗದ ಚಾರ್ಜರು ಸೆಲ್ಲುಗಳನ್ನು ಜೋಡಿಜೋಡಿಯಾಗಿ ತುಂಬುತ್ತದೆ. ಒಂದು ತುಂಬಿ ಇನ್ನೊಂದು ತುಂಬದಿದ್ದರೂ ಅದಕ್ಕೆ ತಿಳಿಯದು. ಹೀಗೆ ಅತಿಯಾಗಿ ಉಂಡ ಸೆಲ್ಲು ಕಾದು ಕೆಡುತ್ತದೆ. ಒಂದೊಂದು ಸೆಲ್ಲನ್ನೂ ಬೇರೆಯಾಗಿ ಪರೀಕ್ಷಿಸಿ, ತುಂಬಿದೊಡನೆ ನಿಲ್ಲಿಸುವ ಚಾರ್ಜರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಸೆಲ್ಲಿನ ಆಯುಸ್ಸಿನಲ್ಲಿ ಅದು ತೀರುತ್ತದೆ. ಹೊಸದು ಹಳತನ್ನು ಬೆರೆಸಿ ಯಂತ್ರಕ್ಕೆ ಹಾಕಬಾರದು. ಮೊದಲು ಬರಿದಾದ ಸೆಲ್ಲಿನ ಮೂಲಕ ಉಳಿದುದು ತಿರುವುಮುರುವಾಗಿ ವಿದ್ಯುತ್ತನ್ನು ದೂಡಿ ಅದನ್ನು ಕೊಲ್ಲುತ್ತದೆ. ಇದು ಜೋಡೆತ್ತಿನ ನ್ಯಾಯ. ನಮ್ಮಲ್ಲಿ ಯಾರಿಗೂ ಹೆಚ್ಚು ವಿವರಿಸಬೇಕಾಗಿಲ್ಲ. ಮೊಬೈಲಿನ ಲಿಥಿಯಂ ಕೋಶವನ್ನು ಬಹುಕಾಲ ಬಳಸದೆ ಇಡುವುದಾದರೆ ಅರ್ಧ ತುಂಬಿ ತಂಪಿನಲ್ಲಿಡಬೇಕು. ಉಬ್ಬಿದ್ದರೆ ಮತ್ತೆ ಚಾರ್ಜು ಮಾಡಲೇಕೂಡದು. ಸತ್ತ ಸೆಲ್ಲುಗಳನ್ನು ತಿಪ್ಪೆಗೆ ಎಸೆಯಬಾರದೆಂದು, ತಯಾರಕರೇ ಅವನ್ನು ಹಿಂದಕ್ಕೆ ಪಡೆಯಬೇಕೆಂದು ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿವೆ. ನಮ್ಮ ಹಳ್ಳಿಗಳಲ್ಲಿ ಮಾತ್ರ ಅವು ಈಗಲೂ ಮಕ್ಕಳ ಆಟಕ್ಕೆ ಚಕ್ರಗಳಾಗುತ್ತಿವೆ.

ಈಗ ನನ್ನ ಬಳಿ ಸೋರದ ಜಾತಿಯ ನಾಲ್ಕು ಸೆಲ್ಲುಗಳಿವೆ. ಎರಡರ ಮೇಲೆ ‘ಅ’, ಎರಡರ ಮೇಲೆ ‘ಆ’ ಎಂದು ಶಾಯಿಯಿಂದ ಬರೆದಿದ್ದೇನೆ, ಜೋಡಿ ಕಲೆಯುವುದಿಲ್ಲ. ಯಂತ್ರದ ಪಟ್ಟಿಯಲ್ಲಿ ‘ನಿಕ್ಕಲ್’ ಎಂದು ತಿದ್ದಿದ್ದೇನೆ. ಹೊರಡುವ ಹಿಂದಿನ ರಾತ್ರಿ ಚಾರ್ಜು ಮಾಡುತ್ತೇನೆ. ಗಂಟೆಗೊಮ್ಮೆ ಚಿಹ್ನೆಯ ಕಡೆ ನೋಡುತ್ತೇನೆ. ತಪ್ಪಿದರೆ ಇರಲೆಂದು ಒಂದು ಜೊತೆ ಆಲ್ಕಲೈನ್ ಸೆಲ್ಲೂ ಚೀಲದ ಮೂಲೆಯಲ್ಲಿರುತ್ತದೆ. ಮೂರು ಪದಗಳಲ್ಲಿ ಒಂದರ ಮೊದಲ ನುಡಿ ಅರ್ಧ ನೆನಪಾಗಿದೆಯೆಂದು ಅಜ್ಜಿ ಹೇಳಿಕಳುಹಿಸಿದ್ದಾಳೆ. ಬರುವ ಶನಿವಾರ ಊರಿಗೆ ಹೋಗುತ್ತೇನೆ.