ಸನ್ನದಿನ ನಂತರದ ವ್ಯಾಸಂಗ

ಪದವಿ ದೊರೆತೊಡನೆ ವಿದ್ಯೆ ಪೂರ್ಣವಾಯಿತೆಂಬ ಭಾವನೆ ಜನರಲ್ಲಿ ಆಳವಾಗಿ ಬೇರೂರಿದೆ. ಯಾವ ವೃತ್ತಿಯಲ್ಲಿಯೂ ಇದು ನಿಜವಲ್ಲ. ನ್ಯಾಯವಾದಿಯ ವೃತ್ತಿಯಲ್ಲಂತೂ ಇದು ಅಪಾಯಕರ. ಗಣಿತದ ಅಧ್ಯಾಪಕರು ತಮ್ಮ ವಿದ್ಯಾರ್ಥಿದೆಸೆಯಲ್ಲಿ ಕಲಿತ ಪ್ರಮೇಯವು ಮೂವತ್ತು ವರ್ಷಗಳ ಬಳಿಕವೂ ಸತ್ಯವಾಗಿಯೇ ಇರುತ್ತದೆ. ವಕೀಲರು ಕಲಿತ ಕಾಯಿದೆಯಾದರೋ ಶಾಸನಸಭೆಯ ಒಂದು ಅಧಿವೇಶನದಿಂದಲೋ, ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪಿನಿಂದಲೋ ಬೇರೆ ರೂಪ ತಾಳಬಹುದು. ಆ ಮಾರ್ಪಾಡು ವಕೀಲರಿಗೆ ತಿಳಿಯದೆ ಹೋದರೆ ಮೊದಲು ನಷ್ಟಕ್ಕೆ ಗುರಿಯಾಗುವವನು ಅವರನ್ನು ನಂಬಿ ವಕಾಲತ್ತಿಗೆ ಸಹಿ ಹಾಕಿದ ಕಕ್ಷಿಗಾರ. ನ್ಯಾಯಾಲಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹಳೆಯದು. ತನ್ನ ಪಕ್ಷದಲ್ಲಿ ನ್ಯಾಯವಿದ್ದೂ, ವಕೀಲರ ಅರಿವು ಹಳತಾದ ಕಾರಣ ಸೋತವನ ಸ್ಥಿತಿಯನ್ನು ಆ ಗಾದೆಯೂ ಹೇಳಿಲ್ಲ.

ಸನ್ನದು ಪಡೆದ ಮೇಲೆಯೂ ನ್ಯಾಯವಾದಿಯು ಕಲಿಯುತ್ತಿರಬೇಕೆಂದು ನಿಯಮವೇ ವಿಧಿಸಬೇಕೆ? ವಿಧಿಸುವುದಾದರೆ ಯಾವ ರೀತಿಯಲ್ಲಿ? ಈ ಪ್ರಶ್ನೆಯನ್ನು ಪರಿಶೀಲಿಸಲು ಬೆಂಗಳೂರಿನ ದಂಡು ಪ್ರದೇಶಕ್ಕಿಂತ ತಕ್ಕ ಸ್ಥಳ ಸಿಗುವುದು ಕಷ್ಟ.

ದಂಡು ಪ್ರದೇಶದ ಪಾಠ

1809ರಲ್ಲಿ ನೆಲೆಗೊಂಡ ಈ ಸೇನಾ ವಸತಿಯು ಹಲಸೂರು ಮತ್ತು ಇಂದಿನ ಶಿವಾಜಿನಗರದ ಸುತ್ತ ಒಂದು ಪ್ರತ್ಯೇಕ ನಗರವಾಗಿಯೇ ಬೆಳೆಯಿತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬ್ರಿಟಿಷರು ಈ ಭಾಗದ ಆಡಳಿತವನ್ನು ತಮ್ಮಲ್ಲಿಯೇ ಉಳಿಸಿಕೊಂಡರು. ಹೀಗಾಗಿ ಒಂದೇ ಊರಿನಲ್ಲಿ ಎರಡು ನ್ಯಾಯವ್ಯವಸ್ಥೆಗಳು ನಿಂತವು. ಪೇಟೆಯ ಕಡೆಗೆ ಸಂಸ್ಥಾನದ ಕಾಯಿದೆಗಳು ನಡೆಯುತ್ತಿದ್ದವು. ಅವುಗಳ ಮೇಲೆ 1884ರಲ್ಲಿ ಸ್ಥಾಪಿತವಾಗಿ 1930ರಲ್ಲಿ ಉಚ್ಚ ನ್ಯಾಯಾಲಯವೆನಿಸಿದ ಮೈಸೂರಿನ ಚೀಫ್ ಕೋರ್ಟು ಇತ್ತು. ದಂಡಿನ ಕಡೆಗೆ ಬ್ರಿಟಿಷ್ ಭಾರತದ ಕಾಯಿದೆಗಳು ಅಧಿಸೂಚನೆಯ ಮೂಲಕ ಬರುತ್ತಿದ್ದವು. ಅಲ್ಲಿ ಉಚ್ಚ ನ್ಯಾಯಾಲಯದ ಅಧಿಕಾರವನ್ನು ರೆಸಿಡೆಂಟರು ಚಲಾಯಿಸುತ್ತಿದ್ದರು.

1947ರ ಜುಲೈ 26ರಂದು ದಂಡು ಪ್ರದೇಶವು ಮರಳಿ ಮೈಸೂರಿಗೆ ಸೇರಿತು. ಮೂರು ವರ್ಷ ತುಂಬುವುದರೊಳಗೆ ಭಾರತದ ಸಂವಿಧಾನ ಜಾರಿಗೆ ಬಂದಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಒಂದೇ ದಶಕದಲ್ಲಿ ಇಲ್ಲಿಯ ವಕೀಲರು ಮೂರು ಬಾರಿ ಹೊಸದಾಗಿ ಓದಬೇಕಾಯಿತು. ಆಗ ಅವರಿಗೆ ಯಾರೂ ಗಂಟೆಗಳ ಲೆಕ್ಕ ಕೇಳಲಿಲ್ಲ. ಓದದಿದ್ದರೆ ವಾದಿಸುವುದೇ ಸಾಧ್ಯವಿರಲಿಲ್ಲ. ಮಾರ್ಪಾಡು ಹೀಗೆ ಕಣ್ಣಿಗೆ ಕಾಣುವಂತೆ ಬಂದಾಗ ವ್ಯಾಸಂಗವು ತಾನಾಗಿಯೇ ನಡೆಯುತ್ತದೆ. ಸದ್ದಿಲ್ಲದೆ, ಒಂದೊಂದೇ ತಿದ್ದುಪಡಿಯಾಗಿ, ಒಂದೊಂದೇ ತೀರ್ಪಾಗಿ ಬರುವ ಮಾರ್ಪಾಡೇ ಹೆಚ್ಚು ತೊಡಕಿನದು.

ಮಗಳ ಪಾಲು

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಪಾಲುಂಟೇ ಎಂಬ ಪ್ರಶ್ನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೃಷ್ಣರಾಜಪುರದ ಸುತ್ತಣ ಹಳ್ಳಿಗಳ ಹೊಲಗಳು ಬಡಾವಣೆಗಳಾಗಿ ಬೆಲೆ ಏರಿದಂತೆಲ್ಲ ಈ ಪ್ರಶ್ನೆಯ ತೂಕವೂ ಏರಿದೆ.

ಮೈಸೂರು ಸಂಸ್ಥಾನವು 1933ರ ಕಾಯಿದೆಯಿಂದ ಹಿಂದೂ ಸ್ತ್ರೀಯರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿತು. ಸಂಸ್ಥಾನದ ಶಾಸನವಾದುದರಿಂದ ಅದು ದಂಡು ಪ್ರದೇಶಕ್ಕೆ ತಾನಾಗಿ ಅನ್ವಯಿಸುತ್ತಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಗಳನ್ನು ತಂದೆಯ ವಾರಸುದಾರಳನ್ನಾಗಿ ಮಾಡಿತು; ಆದರೆ ಮಗನಂತೆ ಹುಟ್ಟಿನಿಂದಲೇ ಹಕ್ಕುಳ್ಳ ಸಹದಾಯಾದಿಯನ್ನಾಗಿ ಮಾಡಲಿಲ್ಲ. ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ತಂದ ತಿದ್ದುಪಡಿಯು ಆ ಹಕ್ಕನ್ನೂ ನೀಡಿತಾದರೂ, ಅದಕ್ಕೆ ಮುಂಚೆಯೇ ವಿವಾಹವಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯು ವಿವಾಹದ ಭೇದವನ್ನು ತೊಡೆದುಹಾಕಿತು.

ವಿಷಯ ಅಲ್ಲಿಗೂ ನಿಲ್ಲಲಿಲ್ಲ. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಆ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಜೀವಂತರಾಗಿದ್ದರೆ ಮಾತ್ರ ಹೊಸ ಹಕ್ಕು ಸಲ್ಲುವುದೆಂದು ಹೇಳಿತು. ಕರ್ನಾಟಕದ್ದೇ ಆದ ಮತ್ತೊಂದು ಮೊಕದ್ದಮೆಯಲ್ಲಿ, 2018ರಲ್ಲಿ, ತಂದೆ 2001ರಲ್ಲಿಯೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ದೊರೆಯಿತು. ಎರಡು ತೀರ್ಪುಗಳ ನಡುವಣ ಗೊಂದಲವನ್ನು 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಪರಿಹರಿಸಿತು: ಹಕ್ಕು ಹುಟ್ಟಿನಿಂದ ಬರುವುದು, ಆ ದಿನ ತಂದೆ ಬದುಕಿರಬೇಕಾದುದಿಲ್ಲ.

2003ರಲ್ಲಿ ತಂದೆಯನ್ನು ಕಳೆದುಕೊಂಡ, ಕುಟುಂಬದಲ್ಲಿ ಇನ್ನೂ ವಿಭಾಗವಾಗದ ಒಬ್ಬ ಹೆಣ್ಣುಮಗಳು 2021ರಲ್ಲಿ ವಕೀಲರ ಕಚೇರಿಗೆ ಬಂದಳೆಂದು ಭಾವಿಸೋಣ. 2015ರ ತೀರ್ಪಿನವರೆಗೆ ಮಾತ್ರ ಓದಿದ ವಕೀಲರು, ಮಗನಿಗೆ ಸಮನಾದ ಪಾಲು ನಿನಗೆ ಬಾರದೆಂದು ಹೇಳಿ ಅವಳನ್ನು ಹಿಂದೆ ಕಳುಹಿಸುತ್ತಾರೆ. ಅವರಲ್ಲಿ ದುರುದ್ದೇಶವಿಲ್ಲ, ಸೋಮಾರಿತನವೂ ಇಲ್ಲದಿರಬಹುದು. ಅವರ ಅರಿವು ಐದು ವರ್ಷ ಹಿಂದೆ ನಿಂತಿದೆ, ಅಷ್ಟೇ. ಅದರಿಂದ ಹೋದುದು ಒಂದು ಜೀವಮಾನದ ಆಸ್ತಿ.

ಅಂಗಡಿ ಬೀದಿಯಿಂದ ಆರಕ್ಷಕ ಠಾಣೆಯವರೆಗೆ

ವ್ಯಾಪಾರಿಗಳ ವಿಷಯದಲ್ಲಿಯೂ ಇದೇ ಮಾತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಗೆ 2018ರಲ್ಲಿ ತಿದ್ದುಪಡಿಯಾಗಿ, ಆ ಕಾಯಿದೆ ಅನ್ವಯಿಸುವ ಮೌಲ್ಯದ ಕನಿಷ್ಠ ಮಿತಿಯು 1 ಕೋಟಿ ರೂಪಾಯಿಯಿಂದ 3 ಲಕ್ಷ ರೂಪಾಯಿಗೆ ಇಳಿಯಿತು. ತುರ್ತು ಪರಿಹಾರದ ಅಗತ್ಯವಿಲ್ಲದ ವ್ಯಾಜ್ಯಗಳಲ್ಲಿ ದಾವೆ ಹೂಡುವ ಮೊದಲು ರಾಜಿ ಮಧ್ಯಸ್ಥಿಕೆಗೆ ಹೋಗಬೇಕೆಂಬ ವಿಧಿಯೂ ಸೇರಿತು. ಈ ವಿಧಿ ಕಡ್ಡಾಯವೆಂದೂ, ಅದನ್ನು ಪಾಲಿಸದ ದಾವೆಯು ತಿರಸ್ಕಾರಕ್ಕೆ ಅರ್ಹವೆಂದೂ 2022ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಕಮರ್ಷಿಯಲ್ ಸ್ಟ್ರೀಟಿನ ವ್ಯಾಪಾರಿಯ ಬಾಕಿ ಎಷ್ಟೇ ನ್ಯಾಯವಾದದ್ದಾಗಿರಲಿ, ಈ ಮೆಟ್ಟಿಲನ್ನು ಹತ್ತದೆ ಬಂದ ದಾವೆ ಬಾಗಿಲಿನಲ್ಲಿಯೇ ನಿಲ್ಲುತ್ತದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ 2024ರ ಜುಲೈ 1ರಂದು ಬಂದಿತು. 1860ರ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯಿದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. 511 ಕಲಮುಗಳಿದ್ದ ದಂಡ ಸಂಹಿತೆ 358 ಕಲಮುಗಳ ಹೊಸ ಸಂಹಿತೆಯಾಯಿತು. ಆಡುಮಾತಿನಲ್ಲಿಯೂ ಮೋಸಕ್ಕೆ ಪರ್ಯಾಯವಾಗಿದ್ದ 420ರ ಅಪರಾಧ ಈಗ 318ನೆಯ ಕಲಮಿನಲ್ಲಿದೆ. ಕೊಲೆಯ ಶಿಕ್ಷೆಯನ್ನು ಹೇಳುವ 302ರ ಸ್ಥಾನದಲ್ಲಿ 103 ಇದೆ.

ಸಂಖ್ಯೆಗಳು ಮಾತ್ರ ಬದಲಾಗಿದ್ದರೆ ಒಂದು ಕೋಷ್ಟಕ ಸಾಕಾಗುತ್ತಿತ್ತು. ಶೋಧನೆ ಮತ್ತು ಜಫ್ತಿಯನ್ನು ಧ್ವನಿ-ದೃಶ್ಯ ಸಾಧನದಲ್ಲಿ ದಾಖಲಿಸಬೇಕೆಂಬ ವಿಧಿ ಬಂದಿದೆ. ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಎರಡು ಭಾಗಗಳ ಪ್ರಮಾಣಪತ್ರ ಬೇಕಾಗಿದೆ. ಅದರಲ್ಲಿ ಒಂದು ಭಾಗ ತಜ್ಞರದು. ಹೊಸ ಕಾಯಿದೆಗೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಹಳೆಯದನ್ನು ಮರೆಯುವಂತೆಯೂ ಇಲ್ಲ. ಆರೋಪಿಯ ಸ್ವಾತಂತ್ರ್ಯವೂ ನೊಂದವರ ಪರಿಹಾರವೂ ಈ ವಿವರಗಳ ಮೇಲೆ ನಿಂತಿವೆ.

ನಿಯಮದ ಕಥೆ

1961ರ ವಕೀಲರ ಕಾಯಿದೆಯು ಸನ್ನದಿಗೆ ಮುಂಚೆ ತರಬೇತಿ ಮತ್ತು ಪರೀಕ್ಷೆಯನ್ನು ಮೂಲತಃ ಕೇಳಿತ್ತು. 1973ರ ತಿದ್ದುಪಡಿಯು ಅದನ್ನು ಕೈಬಿಟ್ಟಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ನಿಯಮದ ಮೂಲಕ ತರಬೇತಿಯನ್ನು ಪುನಃ ತಂದಾಗ, ಪರಿಷತ್ತಿಗೆ ಅಂತಹ ಅಧಿಕಾರವಿಲ್ಲವೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮಗಳನ್ನು ರದ್ದುಪಡಿಸಿತು. ಬಳಿಕ ಅಖಿಲ ಭಾರತ ವಕೀಲರ ಪರೀಕ್ಷೆ ಬಂದಿತು. 2011ರಲ್ಲಿ ಮೊದಲ ಬಾರಿಗೆ ನಡೆದ ಈ ಪರೀಕ್ಷೆಯನ್ನು 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠವು ಎತ್ತಿಹಿಡಿಯಿತು.

ಆದರೆ ಇದು ಹೊಸ್ತಿಲ ಪರೀಕ್ಷೆ. ಒಮ್ಮೆ ದಾಟಿದವರನ್ನು ಮತ್ತೆ ಕೇಳುವುದಿಲ್ಲ. ವೈದ್ಯರಿಗೆ 2002ರ ವೃತ್ತಿ ನಿಯಮಾವಳಿಯು ಐದು ವರ್ಷಕ್ಕೆ 30 ಗಂಟೆಗಳ ವ್ಯಾಸಂಗವನ್ನು ಹೇಳಿದೆ. ಲೆಕ್ಕಪರಿಶೋಧಕರಿಗೂ ನಿರಂತರ ಶಿಕ್ಷಣದ ಗಂಟೆಗಳಿವೆ. ನ್ಯಾಯಾಧೀಶರಿಗೆ ತರಬೇತಿ ಕೊಡಲು ಬೆಂಗಳೂರಿನಲ್ಲಿ ಕರ್ನಾಟಕ ನ್ಯಾಯಾಂಗ ಅಕಾಡೆಮಿ ಇದೆ. ಅವರ ಮುಂದೆ ವಾದಿಸುವ ದೇಶದ ಸಮಸ್ತ ವಕೀಲರಿಗೆ ಮಾತ್ರ ಇಂತಹ ಕಡ್ಡಾಯ ಗಂಟೆಗಳ ನಿಯಮ ಜಾರಿಯಲ್ಲಿಲ್ಲ.

ಅಮೆರಿಕದ ಮಿನ್ನೆಸೋಟ ಮತ್ತು ಅಯೋವ ರಾಜ್ಯಗಳು 1975ರಲ್ಲಿಯೇ ಇದನ್ನು ಕಡ್ಡಾಯಗೊಳಿಸಿದವು. ಮಿನ್ನೆಸೋಟದಲ್ಲಿ ಮೂರು ವರ್ಷಕ್ಕೆ 45 ಗಂಟೆ. ನ್ಯೂಯಾರ್ಕಿನಲ್ಲಿ ಅನುಭವಿ ವಕೀಲರಿಗೆ ಎರಡು ವರ್ಷಕ್ಕೆ 24 ಗಂಟೆ. ಇಂಗ್ಲೆಂಡಿನ ಅನುಭವ ಇನ್ನೊಂದು ಬಗೆಯದು. ಅಲ್ಲಿ ಸಾಲಿಸಿಟರುಗಳಿಗೆ ವರ್ಷಕ್ಕೆ 16 ಗಂಟೆಗಳ ನಿಯಮವಿತ್ತು. 2016ರ ನವೆಂಬರಿನಲ್ಲಿ ಅದನ್ನು ಬಿಟ್ಟು, ತನಗೆ ಯಾವ ಅರಿವಿನ ಕೊರತೆಯಿದೆಯೆಂದು ವಕೀಲನೇ ಗುರುತಿಸಿ, ಕಲಿತು, ಅದನ್ನು ದಾಖಲಿಸಬೇಕೆಂಬ ಕ್ರಮ ಬಂದಿತು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದವರೆಲ್ಲ ಪಾಠ ಕಲಿತವರಲ್ಲವೆಂಬುದು ಅಧ್ಯಾಪಕರಿಗೆ ಹೊಸ ಮಾತೇನಲ್ಲ.

ಮುಂದಿನ ದಾರಿ

ಕಡ್ಡಾಯವೆಂದೊಡನೆ ಕಿರಿಯ ವಕೀಲರಿಗೆ ಭಯವಾಗುವುದು ಸಹಜ. ಮೊದಲ ವರ್ಷಗಳ ಸಂಪಾದನೆ ಅಲ್ಪ. ಶುಲ್ಕ ತೆತ್ತು ಶಿಬಿರಗಳಿಗೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ನಿಯಮ ಬರುವುದಾದರೆ ಮೂರು ವಿಷಯಗಳು ಅದರೊಂದಿಗೆ ಬರಬೇಕು. ಬೋಧನೆಯು ಉಚಿತವಾಗಿರಬೇಕು, ಇಲ್ಲವೆ ಅತ್ಯಲ್ಪ ವೆಚ್ಚದ್ದಾಗಿರಬೇಕು. ಅದು ನ್ಯಾಯಾಲಯದ ಆವರಣದಲ್ಲಿಯೇ, ಕಲಾಪ ಮುಗಿದ ಸಂಜೆಯ ವೇಳೆಯಲ್ಲಿ ನಡೆಯಬೇಕು. ಕೆಳಗಿನ ನ್ಯಾಯಾಲಯಗಳ ಕಕ್ಷಿಗಾರರ ಭಾಷೆಯಾದ ಕನ್ನಡದಲ್ಲಿಯೂ ದೊರೆಯಬೇಕು. ಕಾಯಿದೆಯನ್ನು ಕನ್ನಡದಲ್ಲಿ ವಿವರಿಸಬಲ್ಲ ವಕೀಲರೇ ಹಳ್ಳಿಯಿಂದ ಬಂದವನಿಗೆ ಅವನ ಹಕ್ಕನ್ನು ತಿಳಿಸಬಲ್ಲರು.

ಸಾಧನಗಳ ಕೊರತೆಯಿಲ್ಲ. ವಕೀಲರ ಪರಿಷತ್ತಿನ ಪ್ರಯತ್ನದಿಂದಲೇ ಹುಟ್ಟಿ 1988ರಲ್ಲಿ ಪಾಠಗಳನ್ನು ಆರಂಭಿಸಿದ ರಾಷ್ಟ್ರೀಯ ಕಾನೂನು ಶಾಲೆ ಇದೇ ನಗರದ ನಾಗರಭಾವಿಯಲ್ಲಿದೆ. 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು, ಅನುಭವಿ ವಕೀಲರೂ ವಿದ್ಯಾರ್ಥಿಗಳಂತೆ ಕುಳಿತು ಹೊಸ ಕೌಶಲವನ್ನು ಕಲಿಯಬಲ್ಲರೆಂಬುದಕ್ಕೆ ಸಾಕ್ಷಿ. ನೆರೆಯ ಕೇರಳದ ವಕೀಲರ ಪರಿಷತ್ತು ಕೊಚ್ಚಿಯಲ್ಲಿ ನಿರಂತರ ಕಾನೂನು ಶಿಕ್ಷಣಕ್ಕೆಂದೇ ಒಂದು ಅಕಾಡೆಮಿಯನ್ನು ನಡೆಸುತ್ತಿದೆ. ಅದಕ್ಕಿಟ್ಟಿರುವ ಹೆಸರು ಎಂ. ಕೆ. ನಂಬಿಯಾರರದು, ಅವರು ಮಂಗಳೂರಿನಲ್ಲಿ ವಕೀಲಿ ನಡೆಸಿದವರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

1883ರಲ್ಲಿ ತೆರೆದ ಮೇಯೋಹಾಲಿನ ಆವರಣದಲ್ಲಿ ಇಂದು ಸಿಟಿ ಸಿವಿಲ್ ನ್ಯಾಯಾಲಯದ ಒಂದು ಘಟಕ ನಡೆಯುತ್ತಿದೆ. ಅಲ್ಲಿಗೆ ಬರುವ ಕಕ್ಷಿಗಾರನಿಗೆ ಕನ್ನಡ, ತಮಿಳು, ಉರ್ದು, ತೆಲುಗು ಇವುಗಳಲ್ಲಿ ಯಾವುದೇ ಮನೆಮಾತಾಗಿರಲಿ, ಅವನು ಬಯಸುವುದು ಒಂದನ್ನೇ: ತನ್ನ ವಕೀಲರಿಗೆ ಇಂದಿನ ಕಾನೂನು ತಿಳಿದಿರಬೇಕು. ತಿಂಗಳಿಗೆ ಒಂದು ಸಂಜೆಯ ಉಪನ್ಯಾಸ, ಹೊಸ ತೀರ್ಪುಗಳ ಸಂಚಿಕೆಗಳನ್ನು ಕಾಲಕಾಲಕ್ಕೆ ತರಿಸುವ ಒಂದು ಗ್ರಂಥಾಲಯ, ಕಿರಿಯರಿಗೆ ಬಿಡುವು ಕೊಡುವ ಹಿರಿಯರು, ಇಷ್ಟರಿಂದ ಕೆಲಸ ಆರಂಭವಾಗಬಲ್ಲದು. ವಿದ್ಯಾಲಯಗಳಿಗೆ ಉದಾರವಾಗಿ ನೆರವಾಗುವ ದಾನಿಗಳು ಇಂತಹ ಗ್ರಂಥಾಲಯವೊಂದಕ್ಕೂ ಕೈನೀಡಿದರೆ, ಅದರ ಫಲವು ಓದಿದವರಿಗಿಂತ ಹೆಚ್ಚಾಗಿ, ಆ ಗ್ರಂಥಗಳನ್ನು ಎಂದೂ ತೆರೆಯದ ಬಡ ಕಕ್ಷಿಗಾರನಿಗೆ ಸಲ್ಲುವುದು.