ಬೆಳಗಾವಿಯಿಂದ ಮೈಸೂರಿಗೆ: ಆಕಾಶಮಾರ್ಗದ ಒಂದು ಲೆಕ್ಕ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆಂಬುದನ್ನು ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಯೂ ಬಲ್ಲನು. ಸೂತ್ರವೇನೋ ಸತ್ಯವಾದುದೇ. ಆದರೆ ಯಾವ ದೂರ, ಯಾವ ವೇಗ ಎಂದು ವಿಚಾರಿಸದೆ ಅದನ್ನು ಬಳಸಿದರೆ, ಉತ್ತರ ಸರಿಯಿದ್ದೂ ಪ್ರಯಾಣಿಕನು ಹೊತ್ತು ತಪ್ಪುತ್ತಾನೆ. ಬೆಳಗಾವಿಯ ಸಾಂಬ್ರಾ ಹಾಗೂ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಗಳನ್ನು ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ಪರಿಶೀಲಿಸಬಹುದು.

ಮೊದಲನೆಯದು ದೂರ. ಸಾಂಬ್ರಾ ಸುಮಾರು 15.86 ಡಿಗ್ರಿ ಉತ್ತರ ಅಕ್ಷಾಂಶ, 74.62 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಮಂಡಕಳ್ಳಿ 12.23 ಮತ್ತು 76.66 ಡಿಗ್ರಿಗಳಲ್ಲಿದೆ. ಅಕ್ಷಾಂಶದ ವ್ಯತ್ಯಾಸ 3.63 ಡಿಗ್ರಿ. ಡಿಗ್ರಿಯೊಂದಕ್ಕೆ 111 ಕಿ.ಮೀ. ಹಿಡಿದರೆ 403 ಕಿ.ಮೀ. ಆಗುತ್ತದೆ. ರೇಖಾಂಶಗಳು ಧ್ರುವದತ್ತ ಸಾಗಿದಂತೆ ಪರಸ್ಪರ ಸಮೀಪಿಸುವುದರಿಂದ ಈ ಭಾಗದಲ್ಲಿ ಡಿಗ್ರಿಯೊಂದಕ್ಕೆ 108 ಕಿ.ಮೀ. ಮಾತ್ರ, 2.04 ಡಿಗ್ರಿಗೆ 220 ಕಿ.ಮೀ. ಪೈಥಾಗೊರಸನ ಪ್ರಮೇಯದಂತೆ ಕರ್ಣವು ಸುಮಾರು 459 ಕಿ.ಮೀ. ಇಷ್ಟು ಅಲ್ಪ ಅಂತರದಲ್ಲಿ ಭೂಮಿಯ ದುಂಡುತನವು ಲೆಕ್ಕವನ್ನು ಹೆಚ್ಚೇನೂ ಕೆಡಿಸದು. ಊರೂರು ಸುತ್ತಿ ಬರುವ ರಸ್ತೆ ಇದಕ್ಕಿಂತ ಉದ್ದವಾದುದು.

ಎರಡನೆಯದು ವೇಗ. ಇದನ್ನು ನಿರ್ಧರಿಸುವುದು ಆಕಾಶವಲ್ಲ, ನೆಲ. 2010ರಲ್ಲಿ ಮೈಸೂರು ನಿಲ್ದಾಣ ಉದ್ಘಾಟನೆಗೊಂಡಾಗ ಅದರ ಓಡುಪಥ 1,740 ಮೀಟರ್. ದೊಡ್ಡ ಜೆಟ್ ವಿಮಾನಗಳಿಗೆ ಸಾಮಾನ್ಯವಾಗಿ ಇದಕ್ಕಿಂತ ಉದ್ದವಾದ ಪಥ ಬೇಕು. ಸುಮಾರು ಎಪ್ಪತ್ತು ಆಸನಗಳ, ಪಂಕಗಳಿಂದ ಚಲಿಸುವ ಎಟಿಆರ್-72 ವಿಮಾನಕ್ಕೆ ಇಷ್ಟು ಸಾಕು. ಅದರ ವೇಗ ಗಂಟೆಗೆ ಸುಮಾರು 510 ಕಿ.ಮೀ. 459ನ್ನು 510ರಿಂದ ಭಾಗಿಸಿದರೆ 54 ನಿಮಿಷ.

ಮೂರನೆಯದು ಗಾಳಿ. ಗಂಟೆಗೆ 50 ಕಿ.ಮೀ. ಎದುರುಗಾಳಿ ಬೀಸಿದರೆ ನೆಲದ ಲೆಕ್ಕದ ವೇಗ 460ಕ್ಕೆ ಇಳಿದು 60 ನಿಮಿಷ ಹಿಡಿಯುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗಿದ್ದರೆ 49 ನಿಮಿಷ ಸಾಕು. ಹೋಗುವಾಗಿನ ನಷ್ಟವನ್ನು ಬರುವಾಗಿನ ಲಾಭ ತುಂಬಿಕೊಡುವುದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಕೂಡಿ ನೋಡಿದರೆ 109 ನಿಮಿಷ; ಗಾಳಿಯಿಲ್ಲದ ದಿನ 108. ನಿಧಾನವಾಗಿ ಸಾಗುವ ಕಾಲವೇ ದೀರ್ಘವಾದುದರಿಂದ ನಷ್ಟವು ಸದಾ ಲಾಭವನ್ನು ಮೀರುತ್ತದೆ.

ಇಷ್ಟಾದರೂ ವೇಳಾಪಟ್ಟಿಯ ಕಾಲ ಇದಲ್ಲ. ವಿಮಾನವು ನಿಂತ ಸ್ಥಳದಿಂದ ಕದಲಿದ ಕ್ಷಣದಿಂದ ಮತ್ತೆ ನಿಲ್ಲುವವರೆಗೆ ಅಲ್ಲಿ ಗಣನೆ ನಡೆಯುತ್ತದೆ. ಓಡುಪಥಕ್ಕೆ ಸಾಗುವುದು, ಮೇಲೇರುವುದು, ವೇಗ ತಗ್ಗಿಸಿ ಇಳಿಯುವುದು ಎಲ್ಲವೂ ಸೇರಿ ಒಂದೂಕಾಲು ಗಂಟೆಯನ್ನಾದರೂ ಇಟ್ಟುಕೊಳ್ಳಬೇಕು. ನಿಲ್ದಾಣಕ್ಕೆ ಮುಂಚಿತವಾಗಿ ತಲುಪುವ ಹೊತ್ತು ಬೇರೆ.

ಸಂದರ್ಶನಕ್ಕೆ ಹೊರಟ ತರುಣನಾಗಲಿ, ರೋಗಿಯನ್ನು ಕಾಣಲು ಧಾವಿಸುವ ಬಂಧುವಾಗಲಿ 54 ನಿಮಿಷವನ್ನೇ ನಂಬಿ ಹೊರಟರೆ ಪರಿಣಾಮವೇನೆಂಬುದನ್ನು ಹೇಳಬೇಕಾಗಿಲ್ಲ. ತರಗತಿಯಲ್ಲಿ ಭೂಪಟವನ್ನು ಹರಡಿ ಈ ಲೆಕ್ಕವನ್ನು ಮಾಡಿಸಿದರೆ, ಸೂತ್ರದೊಂದಿಗೆ ಅದರ ಮಿತಿಯನ್ನೂ ಮಕ್ಕಳು ಕಲಿಯುವರು. ಭಾಗಾಕಾರ ಬಲ್ಲವರು ಹಲವರು. ಭಾಗಿಸುವ ಮೊದಲು ವಿಚಾರಿಸುವ ಅಭ್ಯಾಸವನ್ನು ಬೆಳೆಸುವುದೇ ಗಣಿತ ಶಿಕ್ಷಣದ ಹಿರಿಯ ಪ್ರಯೋಜನ.