ಸ್ಟೋರೇಜ್ ಕಳಿಸುವ ಉತ್ತರ ಯಾವ ದಾರಿ ಹಿಡಿಯುತ್ತದೆ?

‘ಶೇರ್ ತೆರೀತಿಲ್ಲ’ ಅಂತ ಫೋನ್ ಬಂದರೆ ಹೆಚ್ಚಿನವರು ಡಿಸ್ಕ್ ನೋಡುತ್ತಾರೆ, ಪಾಸ್‌ವರ್ಡ್ ನೋಡುತ್ತಾರೆ. ರೂಟಿಂಗ್ ಟೇಬಲ್ ನೆನಪಾಗುವುದು ಕೊನೆಗೆ. ಅದನ್ನೇ ಮೊದಲು ನೋಡಿದರೆ ಎಷ್ಟೋ ಸಲ ಅರ್ಧ ದಿನ ಉಳಿಯುತ್ತದೆ.

1. ಕೈ ಹಾಕುವ ಮುಂಚೆ ಓದಿ. ಲಿನಕ್ಸ್ ಆಧಾರಿತ ನ್ಯಾಸ್ ಆದರೆ ‘ಐಪಿ ರೂಟ್ ಶೋ’ ಎಂಬ ಒಂದು ಕಮಾಂಡ್ ಸಾಕು. ಬಂದದ್ದನ್ನು ಫೈಲಿಗೆ ಹಾಕಿಟ್ಟುಕೊಳ್ಳಿ.

2. ಡೀಫಾಲ್ಟ್ ಗೇಟ್‌ವೇ ಒಂದೇ ಇರಲಿ. ನಾಲ್ಕು ಪೋರ್ಟ್ ಇದೆಯೆಂದು ನಾಲ್ಕಕ್ಕೂ ಗೇಟ್‌ವೇ ತುಂಬಬೇಡಿ. ಐ-ಸ್ಕಸಿಗೆಂದೇ ಮೀಸಲಿಟ್ಟು, ಒಂದೇ ಸಬ್‌ನೆಟ್‌ನೊಳಗೆ ಮುಗಿಯುವ ನೆಟ್‌ವರ್ಕ್‌ಗೆ ಗೇಟ್‌ವೇ ಬೇಕಾಗುವುದೇ ಇಲ್ಲ.

3. ಉತ್ತರದ ದಾರಿ ಕೇಳಿ. ಇಡೀ ವಿಷಯದ ಜೀವಾಳ ಇದು. ನಾನು ಒಂದು ರಾತ್ರಿಯಿಡೀ ಹೆಣಗಿದ್ದು ಇದರಿಂದಲೇ. ನ್ಯಾಸ್‌ನ ಮೊದಲ ಪೋರ್ಟ್ 192.168.1.10, ಎರಡನೆಯದು 10.20.4.10. ಬ್ಯಾಕಪ್ ಸರ್ವರ್ 10.20.5.30ರಲ್ಲಿತ್ತು. ಅದರ ಕೋರಿಕೆ 10.20.4.1 ರೂಟರ್ ದಾಟಿ ಎರಡನೇ ಪೋರ್ಟಿಗೆ ಸರಿಯಾಗಿಯೇ ಬರುತ್ತಿತ್ತು. ಆದರೆ 10.20.5 ಎಲ್ಲಿದೆ ಎಂದು ನ್ಯಾಸ್‌ನ ಟೇಬಲ್‌ನಲ್ಲಿ ಬರೆದೇ ಇರಲಿಲ್ಲ. ಹಾಗಾಗಿ ಉತ್ತರ ಡೀಫಾಲ್ಟ್ ಹಿಡಿದು ಮೊದಲ ಪೋರ್ಟಿನಿಂದ 192.168.1.1ಕ್ಕೆ ಹೋಗುತ್ತಿತ್ತು. ಅಲ್ಲಿದ್ದ ಫೈರ್‌ವಾಲ್ ಈ ಸಂಪರ್ಕ ಶುರುವಾದದ್ದನ್ನೇ ನೋಡಿರಲಿಲ್ಲ, ಎಸೆದುಬಿಡುತ್ತಿತ್ತು. ಬ್ಯಾಕಪ್ ಸರ್ವರ್‌ನ ಪರದೆಯ ಮೇಲೆ ಕಾಣುತ್ತಿದ್ದದ್ದು ‘ಟೈಮ್ಡ್ ಔಟ್’ ಒಂದೇ. 10.20.5.0/24ಕ್ಕೆ 10.20.4.1 ಮೂಲಕ ಹೋಗು ಎಂದು ಒಂದು ಸ್ಟ್ಯಾಟಿಕ್ ರೂಟ್ ಹಾಕಿದ ಕೂಡಲೇ ಮೌಂಟ್ ಆಯಿತು.

4. ಊಹೆ ಬೇಡ, ಪೆಟ್ಟಿಗೆಯನ್ನೇ ಕೇಳಿ. ‘ಐಪಿ ರೂಟ್ ಗೆಟ್ 10.20.5.30’ ಎಂದರೆ ಯಾವ ಪೋರ್ಟ್, ಯಾವ ಗೇಟ್‌ವೇ ಎಂದು ಅದೇ ಹೇಳುತ್ತದೆ.

5. ಮೆಟ್ರಿಕ್ ಬದಲಿಸುವ ಮುನ್ನ ಪ್ರಿಫಿಕ್ಸ್ ನೋಡಿ. ಹೆಚ್ಚು ನಿಖರವಾದ ರೂಟ್‌ಗೇ ಗೆಲುವು. /16 ಎದುರು /24, ಎಲ್ಲದರ ಕೊನೆಗೆ /0. ಪ್ರಿಫಿಕ್ಸ್ ಸಮವಾದಾಗ ಮಾತ್ರ ಮೆಟ್ರಿಕ್ ಲೆಕ್ಕಕ್ಕೆ ಬರುತ್ತದೆ, ಆಗ ಕಡಿಮೆ ಸಂಖ್ಯೆಯದ್ದೇ ಮೇಲು.

6. ಒಂದೇ ಸಬ್‌ನೆಟ್‌ನಲ್ಲಿ ಎರಡು ಪೋರ್ಟ್‌ಗೆ ಬೇರೆ ಬೇರೆ ಐಪಿ ಕೊಡಬೇಡಿ. ಉತ್ತರವೆಲ್ಲ ಒಂದೇ ಕೇಬಲ್‌ನಲ್ಲಿ ಹೋಗಿ ಇನ್ನೊಂದು ಸುಮ್ಮನೆ ಕೂರಬಹುದು. ವೇಗ ಬೇಕಿದ್ದರೆ ಬಾಂಡ್ ಮಾಡಿ, ಇಲ್ಲವೇ ಸಬ್‌ನೆಟ್ ಬೇರೆ ಮಾಡಿ.

7. ನೆಟ್‌ಆ್ಯಪ್ ಆನ್‌ಟ್ಯಾಪ್ ಇದ್ದರೆ ಪ್ರತಿ ಎಸ್‌ವಿಎಂಗೂ ಅದರದ್ದೇ ರೂಟ್‌ಗಳಿರುತ್ತವೆ; ‘ನೆಟ್‌ವರ್ಕ್ ರೂಟ್ ಶೋ’ ಎಂದು ನೋಡಿ. ಹಿಂದೆ ಐಪಿ ಫಾಸ್ಟ್‌ಪಾತ್ ಇದ್ದದ್ದರಿಂದ ಕೋರಿಕೆ ಬಂದ ಪೋರ್ಟಿನಿಂದಲೇ ಉತ್ತರ ಹೋಗುತ್ತಿತ್ತು, ಟೇಬಲ್ ತಪ್ಪಿದ್ದರೂ ಕೆಲಸ ನಡೆದುಬಿಡುತ್ತಿತ್ತು. 9.2ರಲ್ಲಿ ಅದನ್ನು ತೆಗೆದರು. ಹಳೆಯ ವ್ಯವಸ್ಥೆಯನ್ನು ಅಪ್‌ಗ್ರೇಡ್ ಮಾಡುವವರು ಮೊದಲು ಟೇಬಲ್ ಸರಿಮಾಡಿಕೊಳ್ಳಲೇಬೇಕು.

8. ದೂರದಿಂದ ಡೀಫಾಲ್ಟ್ ಬದಲಿಸಬೇಡಿ. ಎಂಟರ್ ಒತ್ತಿದ ಕ್ಷಣವೇ ನಿಮ್ಮ ಸಂಪರ್ಕ ಕಡಿದುಹೋಗಬಹುದು. ಅದೇ ಸಬ್‌ನೆಟ್‌ನಲ್ಲಿರುವ ಒಂದು ಕಂಪ್ಯೂಟರ್‌ನಿಂದ ಮಾಡಿ. ಅಲ್ಲಿಂದ ನ್ಯಾಸ್ ತಲುಪಲು ಗೇಟ್‌ವೇಯ ಹಂಗಿಲ್ಲ.

9. ಲಿನಕ್ಸ್ ಆಧಾರಿತ ನ್ಯಾಸ್‌ನಲ್ಲಿ ‘ಐಪಿ ರೂಟ್’ ಕಮಾಂಡ್‌ನಿಂದ ಸೇರಿಸಿದ ರೂಟ್ ರೀಬೂಟ್ ಆದರೆ ಮಾಯ. ಸಿನಾಲಜಿಯಲ್ಲೂ ಟ್ರೂನ್ಯಾಸ್‌ನಲ್ಲೂ ನೆಟ್‌ವರ್ಕ್ ಪುಟದಲ್ಲೇ ಸ್ಟ್ಯಾಟಿಕ್ ರೂಟ್‌ಗೆ ಜಾಗವಿದೆ, ಅಲ್ಲೇ ಬರೆಯಿರಿ. ಆಮೇಲೆ ಯಾರೂ ಕೆಲಸ ಮಾಡದ ಹೊತ್ತು ನೋಡಿ ಒಮ್ಮೆ ರೀಬೂಟ್ ಮಾಡಿ, ಮೊದಲು ತೆಗೆದಿಟ್ಟ ಫೈಲ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ.